ಬಯಾಪ್ಸಿ ಚೀಟಿಯಲ್ಲಿ ಬರೆಯದೆ ಉಳಿದದ್ದು: ಪೆಥಾಲಜಿಯ ಕೆಲವು ತಪ್ಪು ತೀರ್ಪುಗಳ ಚರಿತ್ರೆ

  

ಈ ಮಾಲಿಕೆಯಲ್ಲಿ ಇದುವರೆಗೆ ಶಾಸನ, ಶಾಲೆ, ಭಾಷಾಗಣತಿ, ಭೂದಾಖಲೆ ಇವುಗಳ ಬಗ್ಗೆ ಮಾತಾಡಿದವರೆಲ್ಲ ಆಯಾ ವಿಷಯದ ವಿದ್ವಾಂಸರು. ನಾನು ಮಂಜೇಶ್ವರದ ಕಡೆಯವನು, ವೃತ್ತಿಯಿಂದ ಪೆಥಾಲಜಿಸ್ಟ್. ಆಪರೇಶನ್ ಥಿಯೇಟರಿನಿಂದ ಬಂದ ಮಾಂಸದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಎಂತ ಕಾಯಿಲೆ ಅಂತ ಬರೆದುಕೊಡುವುದು ನನ್ನ ಕೆಲಸ. ರೋಗಿಗೆ ನನ್ನ ಮುಖ ಗೊತ್ತಿರುವುದಿಲ್ಲ. ರಿಪೋರ್ಟಿನ ಕೆಳಗಿನ ಸಹಿ ಮಾತ್ರ ನಾನು. ಗಡಿಯ ಕನ್ನಡಕ್ಕೂ ಇದಕ್ಕೂ ಎಂತ ಸಂಬಂಧ ಅಂತ ಆಯೋಜಕರೇ ಮೊದಲು ಕೇಳಿದರು. ಸಂಬಂಧ ಉಂಟು, ಆದರೆ ಅಲ್ಲಿಗೆ ಬರಲಿಕ್ಕೆ ಸ್ವಲ್ಪ ದೂರದಿಂದ, ಬರ್ಲಿನ್ ನಗರದಿಂದ, ಹೊರಡಬೇಕು.

ಅದಕ್ಕೂ ಮುಂಚೆ, ಕೇಳುತ್ತಿರುವವರಲ್ಲಿ ಹೆಚ್ಚಿನವರು ವೈದ್ಯರಲ್ಲವಾದ್ದರಿಂದ, ಕೆಲಸದ ಕ್ರಮ ಎರಡು ಮಾತಿನಲ್ಲಿ. ದೇಹದಿಂದ ತೆಗೆದ ಚೂರು ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾಗುತ್ತದೆ. ಅದರೊಳಗಿನ ನೀರು ತೆಗೆದು, ಕರಗಿದ ಪ್ಯಾರಾಫಿನ್ ಮೇಣ ತುಂಬಿಸಿ ಅಚ್ಚು ಹಾಕಿದರೆ ಅದು ‘ಬ್ಲಾಕ್’. ಆ ಬ್ಲಾಕಿನಿಂದ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರೋ ನಾಲ್ಕೋ ಪಾಲಿನಷ್ಟು ತೆಳ್ಳಗಿನ ಪದರ ಕತ್ತರಿಸಿ ಗಾಜಿನ ಮೇಲೆ ಇಟ್ಟು, ಹೀಮಟಾಕ್ಸಿಲಿನ್, ಇಯೋಸಿನ್ ಅಂತ ಎರಡು ಬಣ್ಣ ಹಾಕುತ್ತೇವೆ. ಜೀವಕೋಶದ ಬೀಜ ನೀಲಿ ಆಗುತ್ತದೆ, ಉಳಿದದ್ದು ಗುಲಾಬಿ. ಲೋಕದ ಎಲ್ಲ ಆಸ್ಪತ್ರೆಗಳಲ್ಲೂ ಇವತ್ತಿಗೂ ಮೊದಲು ನೋಡುವುದು ಈ ನೀಲಿ ಮತ್ತು ಗುಲಾಬಿಯನ್ನೇ. ಜನ ಬಯಾಪ್ಸಿ ಅಂದರೆ ರಕ್ತದ ಸಕ್ಕರೆ ಅಳೆದ ಹಾಗೆ ಯಂತ್ರ ಕೊಡುವ ಉತ್ತರ ಅಂತ ತಿಳಿದಿದ್ದಾರೆ. ಹಾಗಲ್ಲ. ಅದು ಒಬ್ಬ ಮನುಷ್ಯ ನೋಡಿ ಕೊಡುವ ಅಭಿಪ್ರಾಯ. ಆ ಮನುಷ್ಯನಿಗೆ ರೋಗಿಯ ಕತೆ ಎಷ್ಟು ಗೊತ್ತು ಅನ್ನುವುದರ ಮೇಲೆ ಆ ಅಭಿಪ್ರಾಯ ನಿಂತಿರುತ್ತದೆ.

ಈಗ ಬರ್ಲಿನ್. 1887ರ ಜನವರಿಯಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕನ ಸ್ವರ ಒಡೆಯಿತು. ಗೆರ್‌ಹಾರ್ಟ್ ಎಂಬ ಪ್ರಾಧ್ಯಾಪಕರು ನೋಡಿ ಎಡ ಧ್ವನಿತಂತುವಿನ ಮೇಲೆ ಸಣ್ಣದೊಂದು ಬೆಳವಣಿಗೆ ಇದೆ ಎಂದು ವಿದ್ಯುತ್ತಿನಿಂದ ಸುಟ್ಟರು. ಅದು ಮತ್ತೆ ಬಂತು. ಬೆರ್ಗ್‌ಮನ್ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ಇರಬಹುದು, ಗಂಟಲು ಸೀಳಿ ತೆಗೆಯೋಣ ಎಂದರು. ಮೇ 21ಕ್ಕೆ ಶಸ್ತ್ರಕ್ರಿಯೆ ಎಂದು ನಿಗದಿಯೂ ಆಯಿತು. ಅದರ ಹಿಂದಿನ ದಿನ ಲಂಡನ್ನಿನಿಂದ ಮೊರೆಲ್ ಮೆಕೆಂಜಿ ಎಂಬ ಹೆಸರಾಂತ ಗಂಟಲು ವೈದ್ಯರು ಬಂದರು. ಯುವರಾಣಿ ವಿಕ್ಟೋರಿಯಾ ಮಹಾರಾಣಿಯ ಮಗಳು, ಹಾಗಾಗಿ ಇಂಗ್ಲಿಷ್ ವೈದ್ಯರು ಬಂದದ್ದೇ ದೊಡ್ಡ ರಾಜಕೀಯ. ಮೆಕೆಂಜಿ ಹೇಳಿದ್ದು ಇಷ್ಟು: ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಕ್ಯಾನ್ಸರ್ ಅನ್ನಬೇಡಿ. ಇವತ್ತು ಯಾವ ವೈದ್ಯರೂ ಅದನ್ನೇ ಹೇಳುತ್ತಾರೆ. ಆಗ ಅದು ಹೊಸ ಮಾತು. ‘ಬಯಾಪ್ಸಿ’ ಎಂಬ ಪದವನ್ನು ಫ್ರೆಂಚ್ ಚರ್ಮವೈದ್ಯ ಬೆಸ್ನಿಯೆ ಬಳಕೆಗೆ ತಂದು ಇನ್ನೂ ಎಂಟು ವರ್ಷ ಆಗಿತ್ತು, 1879ರಲ್ಲಿ.

ಇಕ್ಕುಳದಿಂದ ಮೆಕೆಂಜಿ ತೆಗೆದ ಚೂರುಗಳು ಹೋದದ್ದು ರುಡಾಲ್ಫ್ ವಿರ್ಖೋ ಅವರ ಮೇಜಿಗೆ. 1858ರಲ್ಲಿ ‘ಸೆಲ್ಯುಲಾರ್ ಪೆಥಾಲಜಿ’ ಬರೆದು, ಕಾಯಿಲೆಯೆಂಬುದು ಜೀವಕೋಶದಲ್ಲಿ ಹುಟ್ಟುತ್ತದೆ ಅಂತ ಜಗತ್ತಿಗೆ ಕಲಿಸಿದವರು ಅವರು. ಅವರಿಗಿಂತ ದೊಡ್ಡ ಪೆಥಾಲಜಿಸ್ಟ್ ಭೂಮಿಯ ಮೇಲೆ ಇರಲಿಲ್ಲ. ಅವರ ಉತ್ತರ: ಕ್ಯಾನ್ಸರ್ ಕಾಣುವುದಿಲ್ಲ, ಚರ್ಮ ದಪ್ಪಗಾಗಿ ನರೂಲಿಯ ಹಾಗೆ ಎದ್ದಿದೆ ಅಷ್ಟೆ. ಜೂನ್‌ನಲ್ಲಿ ಇನ್ನಷ್ಟು ಚೂರು ಕಳಿಸಿದರು, ಆಗಲೂ ಅದೇ ಉತ್ತರ. ಶಸ್ತ್ರಕ್ರಿಯೆ ನಿಂತಿತು. ಸೆಪ್ಟೆಂಬರಿನಲ್ಲಿ ಮೆಕೆಂಜಿಗೆ ಸರ್ ಪದವಿ ಬಂತು. ನವೆಂಬರ್ ಹೊತ್ತಿಗೆ ಇಟಲಿಯ ಸಾನ್ ರೆಮೋದಲ್ಲಿ ಗಂಟಲೊಳಗೆ ಕಂಡದ್ದನ್ನು ನೋಡಿ ಮೆಕೆಂಜಿಯೇ ಒಪ್ಪಬೇಕಾಯಿತು. 1888ರ ಫೆಬ್ರವರಿ 9ರಂದು ಉಸಿರಾಟಕ್ಕಾಗಿ ಶ್ವಾಸನಾಳ ತೂತು ಮಾಡಿದರು. ಮಾರ್ಚ್ 9ಕ್ಕೆ ತಂದೆ ತೀರಿಕೊಂಡು ಫ್ರೆಡರಿಕ್ ಚಕ್ರವರ್ತಿಯಾದ. ಮಾತಾಡಲಾಗದ ಚಕ್ರವರ್ತಿ, ಕಾಗದದ ಚೀಟಿಯಲ್ಲಿ ಬರೆದು ರಾಜ್ಯ ಆಳಿದ್ದು 99 ದಿನ. ಜೂನ್ 15ಕ್ಕೆ ಸತ್ತ. ಶವಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಖಚಿತವಾಯಿತು. ಸಿಂಹಾಸನ ಏರಿದವ ಮಗ ಎರಡನೆಯ ವಿಲ್‌ಹೆಲ್ಮ್. ತಂದೆ ಬದುಕಿದ್ದರೆ ಮೊದಲ ಮಹಾಯುದ್ಧ ಆಗ್ತಿರಲಿಲ್ಲ ಅಂತ ವಾದಿಸುವ ಇತಿಹಾಸಕಾರರಿದ್ದಾರೆ. ಅದು ಉತ್ಪ್ರೇಕ್ಷೆ ಅಂತ ನನಗೆ ಕಾಣುತ್ತದೆ. ಯುದ್ಧದ ಹೊರೆಯನ್ನು ಒಂದು ಸ್ಲೈಡಿನ ಮೇಲೆ ಹೊರಿಸುವುದು ಬೇಡ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ವಿರ್ಖೋ ತಪ್ಪಿದರು ಅಂತ ನೂರು ವರ್ಷದಿಂದ ಬರೆಯುತ್ತಾ ಬಂದಿದ್ದಾರೆ. ಆದರೆ ಅವರ ವರದಿಯಲ್ಲೇ ಒಂದು ಎಚ್ಚರಿಕೆ ಇತ್ತು. ಈ ಚೂರುಗಳಲ್ಲಿ ಕಂಡದ್ದು ಇಡೀ ಕಾಯಿಲೆಗೆ ಅನ್ವಯಿಸುತ್ತದೋ ಇಲ್ಲವೋ, ಅದನ್ನು ಈ ಚೂರುಗಳಿಂದ ಖಚಿತವಾಗಿ ಹೇಳಲಾಗುವುದಿಲ್ಲ ಎನ್ನುವ ಅರ್ಥದ ಮಾತು. ಓದಿದವರು ‘ಕ್ಯಾನ್ಸರ್ ಇಲ್ಲ’ ಅನ್ನುವುದನ್ನು ಓದಿದರು, ಮುಂದಿನ ವಾಕ್ಯವನ್ನು ಬಿಟ್ಟರು. ನಮ್ಮ ರಿಪೋರ್ಟುಗಳ ಗತಿಯೂ ಇದೇ. ಕೊನೆಗೆ ದಪ್ಪಕ್ಷರದಲ್ಲಿ ಇರುವ ಒಂದು ಸಾಲು ಮಾತ್ರ ಎಲ್ಲರಿಗೂ ಬೇಕು.

ಫ್ರೆಡರಿಕನಿಗೆ ಇದ್ದದ್ದು ಎಂಥ ಕ್ಯಾನ್ಸರ್? ಇದಕ್ಕೆ ಒಂದು ಊಹೆ ಸಿಕ್ಕಿದ್ದು ಅರುವತ್ತು ವರ್ಷದ ಮೇಲೆ. 1948ರಲ್ಲಿ ಅಮೆರಿಕದ ಲಾರೆನ್ ಆಕರ್ಮನ್ ಬಾಯಿಯಲ್ಲಿ ಹುಟ್ಟುವ ಒಂದು ಬಗೆಯ ಗಡ್ಡೆಯನ್ನು ವಿವರಿಸಿದರು, ‘ವೆರುಕಸ್ ಕಾರ್ಸಿನೋಮ’. ನಾನು ಇದಕ್ಕೆ ನರೂಲಿ ಕ್ಯಾನ್ಸರ್ ಅಂತೇನೆ. ಇದರ ಮೇಲ್ಭಾಗ ಹೂಕೋಸಿನ ಹಾಗೆ ಬಿಳಿಯಾಗಿ ದೊರಗು ದೊರಗಾಗಿ ಎದ್ದಿರುತ್ತದೆ. ಜೀವಕೋಶಗಳು ನೋಡಲಿಕ್ಕೆ ಸಭ್ಯವಾಗಿರುತ್ತವೆ, ವಿಕಾರ ಇಲ್ಲ. ಕಾಯಿಲೆ ಗೊತ್ತಾಗುವುದು ತಳದಲ್ಲಿ, ಅದು ಅಗಲವಾಗಿ ಒತ್ತಿಕೊಂಡು ಕೆಳಗಿನ ಅಂಗಾಂಶವನ್ನು ತಳ್ಳುವ ಜಾಗದಲ್ಲಿ. ಮೇಲಿಂದ ಚಿವುಟಿ ತೆಗೆದರೆ ಎಷ್ಟು ಸಲ ತೆಗೆದರೂ ‘ಚರ್ಮ ದಪ್ಪಗಾಗಿದೆ’ ಅಂತಲೇ ಉತ್ತರ. ಫ್ರೆಡರಿಕನದ್ದು ಈ ಜಾತಿಯದ್ದೋ, ಇದರ ಜೊತೆ ಸಾಮಾನ್ಯ ಕ್ಯಾನ್ಸರ್ ಬೆರೆತದ್ದೋ ಇರಬೇಕೆಂದು ನಂತರದವರು ವಾದಿಸಿದ್ದಾರೆ.

ಇಲ್ಲಿಂದ ನಮ್ಮೂರಿಗೆ ಬರ್ತೇನೆ, ಯಾಕೆಂದರೆ ಈ ನರೂಲಿ ಕ್ಯಾನ್ಸರ್ ಹೊಗೆಸೊಪ್ಪು ಬಾಯಲ್ಲಿಟ್ಟುಕೊಳ್ಳುವವರ ಕಾಯಿಲೆ. ಕಾಸರಗೋಡಿನ ಅಡಿಕೆ ತೋಟ, ಸೊಲ್ಲಾಪುರದ ಬೀಡಿ ಕಟ್ಟುವ ಕೇರಿ, ಎರಡೂ ಕಡೆ ನಾನು ಇದನ್ನು ನೋಡಿದ್ದೇನೆ. ದಕ್ಷಿಣ ಭಾರತದಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು ಎಂಬುದನ್ನು ಮಿಶನ್ ವೈದ್ಯರು ಬಹಳ ಮುಂಚೆ ಗುರುತಿಸಿದ್ದರು. ತಿರುವಾಂಕೂರಿನಿಂದ ಬೆಂಟಾಲ್ 1908ರಲ್ಲಿ, ಓರ್ 1933ರಲ್ಲಿ ಬರೆದರು. 1944ರಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆಯ ವಿ. ಆರ್. ಖಾನೋಲ್ಕರ್ ಸಾವಿರ ಬಾಯಿ ಕ್ಯಾನ್ಸರ್ ರೋಗಿಗಳನ್ನು ಸಾಲಾಗಿ ಪರಿಶೀಲಿಸಿ ಲೇಖನ ಪ್ರಕಟಿಸಿದರು. ಭಾರತದ ಪೆಥಾಲಜಿಗೆ ಅಡಿಪಾಯ ಹಾಕಿದವರು ಇವರು. ಮರುವರ್ಷ ಸೂರ್ಯಾಬಾಯಿ ಅವರ ಜೊತೆ ಸೇರಿ, ಜನರ ರೂಢಿಗೂ ಕ್ಯಾನ್ಸರಿಗೂ ಇರುವ ಸಂಬಂಧದ ಬಗ್ಗೆ ಇನ್ನೊಂದು ಲೇಖನ ಬರೆದರು. ಧೋತರವನ್ನು ವರ್ಷಾನುಗಟ್ಟಲೆ ಸೊಂಟಕ್ಕೆ ಬಿಗಿದು ಕಟ್ಟಿದ ಜಾಗದಲ್ಲೇ ಬರುವ ಚರ್ಮದ ಕ್ಯಾನ್ಸರನ್ನು ಅವರು ಅಲ್ಲಿ ಗುರುತಿಸಿದ್ದಾರೆ. ಸ್ಲೈಡು ನೋಡುವ ಮನುಷ್ಯ, ರೋಗಿ ಏನು ಉಡುತ್ತಾನೆ ಏನು ತಿನ್ನುತ್ತಾನೆ ಎಂದು ಕೇಳಿದ್ದರಿಂದ ಸಿಕ್ಕಿದ ಜ್ಞಾನ ಅದು.

ಆ ಕೇಳುವಿಕೆಯಲ್ಲಿಯೇ ಭಾಷೆಯ ತೊಡಕು ಇರುವುದು. ನಮ್ಮ ಕಡೆ ಅಜ್ಜಿಯೊಬ್ಬರನ್ನು ‘ಹೊಗೆಸೊಪ್ಪು ತಿಂತೀರಾ?’ ಅಂತ ಕೇಳಿದರೆ ‘ಇಲ್ಲಪ್ಪ, ಎಲೆ ಮಾತ್ರ’ ಅಂತಾರೆ. ಎಲೆ ಅಂದರೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಎಲ್ಲ ಸೇರಿಯೇ. ಅವರು ಸುಳ್ಳು ಹೇಳಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಹೆಂಗಸರು ಹುರಿದ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುತ್ತಾರೆ, ಮಿಶ್ರಿ ಅಂತ. ಅವರ ಲೆಕ್ಕದಲ್ಲಿ ಅದು ತಂಬಾಕಲ್ಲ, ಹಲ್ಲುಪುಡಿ. ಚೀಟಿಯಲ್ಲಿ ‘ಚಟ: ಇಲ್ಲ’ ಅಂತ ಬರೆದು ಬರುತ್ತದೆ. ಮೇಲಿಂದ ಚಿವುಟಿದ ಬಿಳಿ ಚೂರು, ಚಟ ಇಲ್ಲದ ಅಜ್ಜಿ. ಇಷ್ಟೇ ನನ್ನ ಮುಂದೆ ಇದ್ದರೆ ನಾನೂ ವಿರ್ಖೋ ಬರೆದದ್ದನ್ನೇ ಬರೀತೇನೆ. ಇದರ ಜೊತೆ ಇನ್ನೊಂದು ವಿಷಯ, ನಮ್ಮವರಿಗೆ ಕಹಿ: ತಂಬಾಕು ಬಿಟ್ಟರೂ ಅಡಿಕೆ ಒಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನನ್ನ ಮನೆಯೂ ಅಡಿಕೆ ತೋಟದ ಆದಾಯದಲ್ಲಿ ನಡೆದದ್ದು, ನನ್ನ ಓದೂ ಹಾಗೆಯೇ. ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ.

ಬರ್ಲಿನ್ನಿನಲ್ಲಿ ಕ್ಯಾನ್ಸರ್ ತಪ್ಪಿಹೋಯಿತು. ಇದರ ತಿರುಗುಮುರುಗು ತಪ್ಪೂ ಉಂಟು: ಕ್ಯಾನ್ಸರ್ ಅಲ್ಲದ್ದನ್ನು ಕ್ಯಾನ್ಸರ್ ಅನ್ನುವುದು. ಅದನ್ನು ನಾನೇ ಮಾಡಲಿಕ್ಕಿದ್ದೆ, ಹೇಳ್ತೇನೆ.

1990ರ ದಶಕದ ಕೊನೆಗೆ ನಾನು ಮಹಾರಾಷ್ಟ್ರದ ಗಡಿಯ ಒಂದು ಆಸ್ಪತ್ರೆಯಲ್ಲಿದ್ದೆ. ಹೆಸರು ಬೇಡ. ಒಂದು ದಿನ ಒಂದು ಚೂರು ಬಂತು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮೂರೇ ಮಾತು: ಗಡ್ಡೆ, ಮುಂಗೈ, ಗಂಡು. ವಯಸ್ಸಿನ ಜಾಗದಲ್ಲಿ 19. ಸ್ಲೈಡು ನೋಡಿದೆ. ಕದಿರಿನ ಆಕಾರದ ಜೀವಕೋಶಗಳು ಕಿಕ್ಕಿರಿದಿವೆ, ಎಲ್ಲಿ ನೋಡಿದರೂ ಒಡೆದು ಎರಡಾಗುತ್ತಿವೆ. ಅಂಚು ಸ್ಪಷ್ಟ ಇಲ್ಲ, ಸುತ್ತಲಿನ ಕೊಬ್ಬಿನೊಳಗೆ ನುಗ್ಗಿದ ಹಾಗೆ ಇದೆ. ಸಾರ್ಕೋಮ ಎಂದು ಕರಡು ಬರೆದೆ. ಸಾರ್ಕೋಮ ಅಂದರೆ ಆಗ ಅಲ್ಲಿ ಏನರ್ಥ? ಕೈ ಉಳಿಯುವುದು ಕಷ್ಟ. ಸಹಿ ಹಾಕುವ ಮುಂಚೆ ಏನೋ ಅನುಮಾನ ಬಂದು ವಾರ್ಡಿಗೆ ಇಳಿದೆ. ಅಲ್ಲಿ ಹುಡುಗನ ತಾಯಿ ಇದ್ದರು, ಜತ್ತ ತಾಲ್ಲೂಕಿನವರು. ವಾರ್ಡಿನಲ್ಲಿ ಎಲ್ಲರೂ ಮರಾಠಿಯಲ್ಲಿ ಕೇಳಿದ್ದರು, ಆಕೆ ತಲೆ ಆಡಿಸಿದ್ದರು. ನಾನು ನನ್ನ ಕರಾವಳಿ ಕನ್ನಡದಲ್ಲಿ ಕೇಳಿದೆ, ಇದು ಯಾವಾಗಿನಿಂದ ಅಮ್ಮ ಅಂತ. ಆಕೆ ಮೊದಲು ನಕ್ಕರು, ನನ್ನ ಕನ್ನಡ ಕೇಳಿ. ಆಮೇಲೆ ಹೇಳಿದರು: ‘ದೀಪಾವಳಿಗಿ ಏನೂ ಇದ್ದಿದ್ದಿಲ್ರಿ ಸಾಹೇಬ್ರ. ಪಾಡ್ಯಾದ ದಿನ ನಾನs ಎಣ್ಣಿ ಹಚ್ಚಿ ಎರದೀನಿ, ಕೈ ನೆಟ್ಟಗಿತ್ತು. ಆಮ್ಯಾಲ ಬಂದದ.’ ಲೆಕ್ಕ ಹಾಕಿದೆ. ದೀಪಾವಳಿ ಆಗಿ ಮೂರು ವಾರ ಆಗಿರಲಿಲ್ಲ.

ಎರಡೂವರೆ ವಾರದಲ್ಲಿ ಶೂನ್ಯದಿಂದ ಹೆಬ್ಬೆರಳ ತುದಿಯಷ್ಟು ಬೆಳೆದು ನಿಲ್ಲುವ ಸಾರ್ಕೋಮ ತೀರಾ ಅಪರೂಪ. ಹಾಗೆ ಬೆಳೆಯುವ ಬೇರೊಂದು ಇದೆ. 1955ರಲ್ಲಿ ಕಾನ್ವಾಲರ್, ಕೀಸ್ಬಿ, ಕ್ಯಾಪ್ಲನ್ ಎಂಬ ಮೂವರು ಅದನ್ನು ವಿವರಿಸಿದರು. ಈಗ ‘ನೋಡ್ಯುಲರ್ ಫ್ಯಾಸಿಯೈಟಿಸ್’ ಅನ್ನುತ್ತೇವೆ. ಬೇಗ ಬೆಳೆಯುತ್ತದೆ, ಸಾರ್ಕೋಮದ ವೇಷ ಹಾಕುತ್ತದೆ, ಆಮೇಲೆ ತಾನಾಗಿ ಕರಗುವುದೂ ಉಂಟು. ಮುಂಗೈ ಅದರ ಮೆಚ್ಚಿನ ಜಾಗ. ಮೇಲೆ ಬಂದು ಮತ್ತೆ ನೋಡಿದಾಗ ಕಣ್ಣಿಗೆ ಬಿತ್ತು: ಒಡೆಯುತ್ತಿರುವ ಜೀವಕೋಶ ಬಹಳ ಇವೆ ನಿಜ, ಆದರೆ ವಿಕಾರವಾಗಿ ಒಡೆಯುತ್ತಿರುವುದು ಒಂದೂ ಇಲ್ಲ. ನಡುವೆ ಸಡಿಲ ಸಡಿಲ ಜಾಗ, ಅಲ್ಲಲ್ಲಿ ಚೆಲ್ಲಿದ ರಕ್ತಕಣ. ಇದೆಲ್ಲ ಮೊದಲೂ ಅದೇ ಗಾಜಿನ ಮೇಲೆಯೇ ಇತ್ತು. ನಾನು ನೋಡಿರಲಿಲ್ಲ. ಕರಡು ಹರಿದೆ. ಹುಡುಗನ ಕೈ ಉಳಿಯಿತು. 2011ರಲ್ಲಿ ಈ ಗಡ್ಡೆಗಳಲ್ಲಿ ಎರಡು ಜೀನುಗಳು ಬೆಸೆದುಕೊಂಡಿರುತ್ತವೆ ಅಂತ ಕಂಡುಹಿಡಿದರು, ಈಗ ದೊಡ್ಡ ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷೆ ಮಾಡಬಹುದು. ನನಗೆ ಅವತ್ತು ಆ ಪರೀಕ್ಷೆ ಮಾಡಿಕೊಟ್ಟದ್ದು ಪಾಡ್ಯದ ಎಣ್ಣೆನೀರು.

ಈ ಘಟನೆ ಹೇಳಿದಾಗಲೆಲ್ಲ ಕಿರಿಯ ವೈದ್ಯರು ‘ಸರ್, ಅದು ಅದೃಷ್ಟ’ ಅಂತಾರೆ. ಹೌದು, ಅದೃಷ್ಟವೇ. ಕನ್ನಡ ಗೊತ್ತಿದ್ದವ ಸೂಕ್ಷ್ಮದರ್ಶಕದ ಹಿಂದೆ ಕೂತದ್ದು ಆಕಸ್ಮಿಕ. ಅಂಥ ಆಕಸ್ಮಿಕ ಆಗದ ಎಷ್ಟು ಕೈಗಳಿವೆಯೋ.

ಎಲುಬಿನಲ್ಲಿ ಈ ಪಾಠವನ್ನು ಅಮೆರಿಕದವರು ಸಂಸ್ಥೆಯಾಗಿಯೇ ಕಟ್ಟಿದರು. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ 1920ರ ಸುಮಾರಿಗೆ ಎಲುಬಿನ ಸಾರ್ಕೋಮಗಳ ದಾಖಲೆ ಸಂಗ್ರಹ ಶುರುಮಾಡಿದರು. ದೇಶದ ವೈದ್ಯರೆಲ್ಲ ಸ್ಲೈಡು, ಎಕ್ಸ್‌ರೇ, ರೋಗಿಯ ಕತೆ ಮೂರನ್ನೂ ಕಳಿಸಬೇಕು. ಒಂದೊಂದೇ ಆದರೆ ಮೋಸ ಮಾಡುತ್ತದೆ ಅಂತ ಆಗಲೇ ಗೊತ್ತಿತ್ತು. ಕೂಡಿಕೊಳ್ಳುತ್ತಿರುವ ಮುರಿದ ಎಲುಬಿನ ಹೊಸ ಅಂಗಾಂಶ ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರನ್ನು ಹೋಲುತ್ತದೆ. ಪೆಟ್ಟಾದ ಸ್ನಾಯುವಿನಲ್ಲಿ ಎಲುಬು ಹುಟ್ಟುವ ಒಂದು ಸ್ಥಿತಿ ಉಂಟು, ‘ಮಯೋಸೈಟಿಸ್ ಆಸಿಫಿಕನ್ಸ್’. ಅದರ ನಡುಭಾಗದಿಂದ ಚೂರು ತೆಗೆದರೆ ಥೇಟ್ ಸಾರ್ಕೋಮ, ಅಂಚಿನಿಂದ ತೆಗೆದರೆ ಪಕ್ವವಾದ ಎಲುಬು. ಒಳಗೆ ಎಳಸು, ಹೊರಗೆ ಬಲಿತದ್ದು. ಈ ಕ್ರಮವನ್ನು 1958ರಲ್ಲಿ ಒತ್ತಿ ಹೇಳಿದವರು ಮತ್ತೆ ಆಕರ್ಮನ್ ಅವರೇ. ನಮ್ಮಲ್ಲಿ ಇದಕ್ಕೆ ಬೇರೊಂದು ಹಿನ್ನೆಲೆ: ಮೊಣಕೈಗೆ ಪೆಟ್ಟಾದರೆ ಮೊದಲು ಎಲುಬು ಕಟ್ಟುವವರ ಹತ್ತಿರ ಹೋಗುತ್ತೇವೆ, ಅವರು ಎಣ್ಣೆ ಹಾಕಿ ಗಟ್ಟಿ ತಿಕ್ಕುತ್ತಾರೆ, ಆ ತಿಕ್ಕುವಿಕೆಯಿಂದಲೇ ಇದು ಬರುತ್ತದೆ. ಆಸ್ಪತ್ರೆಯಲ್ಲಿ ಬಯ್ತಾರೆ ಅಂತ ಯಾರೂ ಹೇಳುವುದಿಲ್ಲ. ಬೇರೆ ಭಾಷೆಯ ಆಸ್ಪತ್ರೆಯಾದರೆ ಕೇಳಲೇಬೇಡಿ.

ಕುತ್ತಿಗೆಯ ಗಂಟಿಗೆ ಬರೋಣ. ಗಂಡಮಾಲೆ ಅಂತ ನಮ್ಮ ಹಿರಿಯರು ಕರೆದದ್ದು ಹೆಚ್ಚಾಗಿ ದುಗ್ಧಗ್ರಂಥಿಯ ಕ್ಷಯವೇ. ಇಂದಿಗೂ ಕುತ್ತಿಗೆಯಲ್ಲಿ ಗಂಟು, ಸಂಜೆ ಜ್ವರ ಅಂದರೆ ನಮ್ಮ ಮನಸ್ಸು ನೇರ ಕ್ಷಯಕ್ಕೆ ಹೋಗುತ್ತದೆ, ಬಹಳ ಸಲ ಸರಿಯೂ ಹೌದು. ಆದರೆ 1972ರಲ್ಲಿ ಜಪಾನಿನ ಕಿಕುಚಿ, ಅದೇ ವರ್ಷ ಬೇರೆಯಾಗಿ ಫ್ಯುಜಿಮೋಟೋ ಮತ್ತು ಸಂಗಡಿಗರು, ಒಂದು ಕಾಯಿಲೆ ವಿವರಿಸಿದರು. ಎಳೆ ವಯಸ್ಸಿನವರು, ಅದರಲ್ಲೂ ಹೆಂಗಸರು, ಕುತ್ತಿಗೆಯಲ್ಲಿ ಗಂಟು, ಜ್ವರ. ಗ್ರಂಥಿಯೊಳಗೆ ಜೀವಕೋಶಗಳು ಸತ್ತು ಪುಡಿಯಾಗಿರುತ್ತವೆ. ಒಬ್ಬರಿಗೆ ಅದು ಕ್ಷಯವಾಗಿ ಕಂಡರೆ, ಇನ್ನೊಬ್ಬರಿಗೆ ಲಿಂಫೋಮ ಎಂಬ ಕ್ಯಾನ್ಸರಾಗಿ ಕಾಣುತ್ತದೆ. ಎರಡೂ ಅಲ್ಲ. ಕೆಲವು ವಾರ, ತಿಂಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಕ್ಷಯ ಅಂದರೆ ಆರು ತಿಂಗಳ ಮಾತ್ರೆ, ಲಿಂಫೋಮ ಅಂದರೆ ಕೀಮೋ. ಮದುವೆಗೆ ಬಂದ ಹುಡುಗಿಗೆ ಈ ಎರಡು ಹೆಸರಿನಲ್ಲಿ ಯಾವುದು ಅಂಟಿದರೂ ಊರಿನಲ್ಲಿ ಅದರ ಬೆಲೆ ಎಂತ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕರುಳಿನಲ್ಲೂ ಕ್ಷಯದ ಜೊತೆಗೇ ಜಗಳ. ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ 1932ರಲ್ಲಿ 14 ರೋಗಿಗಳ ಸಣ್ಣಕರುಳಿನ ಕೊನೆಯ ಭಾಗದ ಉರಿಯೂತವನ್ನು ವಿವರಿಸಿ ಅದು ಕ್ಷಯ ಅಲ್ಲ ಎಂದರು. 1913ರಲ್ಲಿಯೇ ಗ್ಲಾಸ್ಗೋದ ಡಾಲ್ಜಿಯೆಲ್ ಇಂಥದ್ದನ್ನು ಬರೆದಿದ್ದರು, ದನಗಳಿಗೆ ಬರುವ ಒಂದು ಕರುಳುಬೇನೆಗೆ ಹೋಲಿಸಿ. ಕ್ಷಯಕ್ಕೂ ಅದೇ ಜಾಗ ಇಷ್ಟ. ಎರಡರಲ್ಲೂ ಜೀವಕೋಶಗಳು ಗುಂಪುಗೂಡಿ ಗಂಟು ಕಟ್ಟುತ್ತವೆ. ಗಂಟುಗಳು ದೊಡ್ಡದಾಗಿ ಒಂದಕ್ಕೊಂದು ಕೂಡಿಕೊಂಡು ನಡುವೆ ಗಿಣ್ಣಿನ ಹಾಗೆ ಕೊಳೆತಿದ್ದರೆ ಕ್ಷಯ ಅನ್ನಬಹುದು. ಎಂಡೋಸ್ಕೋಪಿಯ ಅಕ್ಕಿಕಾಳಿನಷ್ಟು ಚೂರಿನಲ್ಲಿ ಅದು ಸಿಗುವುದು ಅಪರೂಪ, ಬ್ಯಾಕ್ಟೀರಿಯಾ ಸಿಗುವುದು ಇನ್ನೂ ಅಪರೂಪ. ತಪ್ಪಿದರೆ ದುಬಾರಿ: ಕ್ರೋನ್ ಎಂದು ಸ್ಟೀರಾಯ್ಡ್ ಕೊಟ್ಟರೆ ಅಡಗಿದ್ದ ಕ್ಷಯ ಮೈತುಂಬ ಹಬ್ಬುತ್ತದೆ.

ಚರ್ಮದ ಬಗ್ಗೆ ಎರಡು ಮಾತು. 1948ರಲ್ಲಿ ಸೋಫೀ ಸ್ಪಿಟ್ಜ್ ಎಂಬಾಕೆ 13 ಮಕ್ಕಳ ಮಚ್ಚೆಗಳ ಬಗ್ಗೆ ಬರೆದರು. ಸೂಕ್ಷ್ಮದರ್ಶಕದಲ್ಲಿ ಮಾರಕ ಮೆಲನೋಮದಂತೆ ಕಾಣುತ್ತವೆ, ಆದರೂ ಸತ್ತದ್ದು ಒಂದೇ ಮಗು. ಸ್ಲೈಡಿಗೂ ರೋಗಿಯ ಗತಿಗೂ ತಾಳೆಯಾಗದ್ದನ್ನು ಅವರು ಮುಚ್ಚಿಡಲಿಲ್ಲ, ಹಾಗಾಗಿಯೇ ಆ ಮಚ್ಚೆಗೆ ಅವರ ಹೆಸರು ಉಳಿಯಿತು. ಮೂರು ವರ್ಷ ಮುಂಚೆ ಆಶ್ ಅವರೊಡನೆ ಉಷ್ಣವಲಯದ ಕಾಯಿಲೆಗಳ ಪೆಥಾಲಜಿ ಅಟ್ಲಾಸನ್ನು ತಂದವರೂ ಆಕೆಯೇ.

ಮತ್ತೊಂದು ಕುಷ್ಠ. ನಮಗೆ ಇದು ಹತ್ತಿರದ ವಿಷಯ. ಆರಂಭದ ಮಚ್ಚೆಯ ಚೂರಿನಲ್ಲಿ ನರದ ಎಳೆಯ ಸುತ್ತ ನಾಲ್ಕು ಬಿಳಿ ರಕ್ತಕಣ ಬಿಟ್ಟರೆ ಏನೂ ಇರುವುದಿಲ್ಲ. ‘ಈ ಮಚ್ಚೆಗೆ ಸ್ಪರ್ಶ ಇಲ್ಲ’ ಅಂತ ಚೀಟಿಯಲ್ಲಿ ಒಂದು ಮಾತು ಇದ್ದರೆ ನಾನು ಆ ನಾಲ್ಕು ಕಣಗಳನ್ನು ಹುಡುಕಿ, ವಿಶೇಷ ಬಣ್ಣ ಹಾಕಿ, ಇನ್ನಷ್ಟು ಪದರ ಕತ್ತರಿಸಿ ನೋಡ್ತೇನೆ. ಇಲ್ಲದಿದ್ದರೆ ‘ವಿಶೇಷ ಏನಿಲ್ಲ’ ಅಂತ ಬರೆದು ಮುಂದಿನ ಸ್ಲೈಡು ಎತ್ತಿಕೊಳ್ತೇನೆ. ರೋಗಿ ‘ಜೋಮು’ ಅಂದಿರುತ್ತಾನೆ. ನಮ್ಮ ಕನ್ನಡದಲ್ಲಿ ಜೋಮು ಅಂದರೆ ಚುಮುಚುಮು ಅನ್ನುವುದೂ ಹೌದು, ಮರಗಟ್ಟಿದ್ದೂ ಹೌದು. ಅನುವಾದದಲ್ಲಿ ಅದು ತುರಿಕೆ ಆಗಿ ಬಂದದ್ದನ್ನು ನಾನು ನೋಡಿದ್ದೇನೆ.

ಈಗ ಗಡಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಕಾಯಿಲೆ ಬಂದವರು ಮಾತ್ರ ಮೊದಲಿನ ಹಾಗೆ ಮಂಗಳೂರಿಗೇ ಹೋಗುತ್ತಾ ಬಂದರು. ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ, ಜತ್ತದವರು ಮಿರಜಿಗೆ ಇಲ್ಲವೆ ವಿಜಯಪುರಕ್ಕೆ, ತಾಳವಾಡಿಯವರು ಚಾಮರಾಜನಗರ, ಮೈಸೂರಿಗೆ, ಮಡಕಶಿರಾದವರು ಬೆಂಗಳೂರಿಗೆ. ಒಬ್ಬನೇ ರೋಗಿಯ ಮೊದಲ ಬಯಾಪ್ಸಿ ಒಂದು ರಾಜ್ಯದಲ್ಲಿ, ಆಪರೇಶನ್ ಇನ್ನೊಂದರಲ್ಲಿ, ವಿಮೆ ಕಾರ್ಡು ಮೂರನೆಯ ಕಡೆ. ಬ್ಲಾಕು ಒಂದು ಕಡೆ, ಚೀಟಿ ಒಂದು ಕಡೆ, ಕತೆ ಮನೆಯಲ್ಲಿ. 2020ರ ಮಾರ್ಚಿಯಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು, ವಿಷಯ ಕೋರ್ಟಿಗೆ ಹೋಯಿತು. ಆಂಬುಲೆನ್ಸ್ ನಿಂತದ್ದು ಪತ್ರಿಕೆಯಲ್ಲಿ ಬಂತು. ಬ್ಲಾಕು ಕೂಡ ನಿಂತಿತ್ತು, ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನನ್ನದೇ ಊರಿನ ಕಡೆಯ ಒಬ್ಬರ ಮೇಣದ ಅಚ್ಚು ಗಡಿಯ ಆಚೆ ಕಪಾಟಿನಲ್ಲಿ, ಅದನ್ನು ನೋಡಬೇಕಾದ ನಾನು ಈಚೆ. ಫೋನಿನಲ್ಲಿ ತೆಗೆದ ಸ್ಲೈಡಿನ ಚಿತ್ರ ನೋಡಿ ಅಭಿಪ್ರಾಯ ಹೇಳಿ ಅಂದರು. ಹೇಳಲಿಲ್ಲ. ಯಾವ ಜಾಗದ ಚಿತ್ರ ತೆಗೆಯಬೇಕು ಅಂತ ಆರಿಸುವುದೇ ಅರ್ಧ ತೀರ್ಪು, ಅದನ್ನು ಬೇರೆಯವರು ಮಾಡಿ ಆಗಿತ್ತು. ಹೇಳಬೇಕಿತ್ತೋ ಅಂತ ಈಗಲೂ ಕೆಲವು ಸಲ ಅನಿಸುತ್ತದೆ.

ಗಡಿನಾಡಿನ ಆರೋಗ್ಯದ ಬಗ್ಗೆ ಬರೆಯುವವರು ಆಸ್ಪತ್ರೆ ಎಷ್ಟು, ಹಾಸಿಗೆ ಎಷ್ಟು ಅಂತ ಎಣಿಸುತ್ತಾರೆ. ಬಯಾಪ್ಸಿ ಚೀಟಿಯನ್ನು ಒಂದು ಐತಿಹಾಸಿಕ ದಾಖಲೆಯಾಗಿ ಓದಬಹುದು ಅಂತ ನನ್ನ ಸಲಹೆ. ಅದರ ಖಾಲಿ ಜಾಗಗಳಲ್ಲಿ ಯಾರ ಮಾತು ಯಾರಿಗೆ ಅರ್ಥವಾಗಲಿಲ್ಲ ಎಂಬುದು ಬರೆದಿರುತ್ತದೆ.

ಸಂವಾದ

ಅಕ್ಕಲಕೋಟೆಯಿಂದ ಒಬ್ಬ ಶಿಕ್ಷಕರು: ಸರ್, ನಮ್ಮ ಮನಿಯೊಳಗ ಒಬ್ಬರಿಗಿ ಎರಡು ಕಡೆ ರಿಪೋರ್ಟ್ ಮಾಡಿಸಿದ್ವಿ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಬಂತು. ಯಾವುದು ನಂಬಬೇಕು? ಮತ್ತ ಹೊಸದಾಗಿ ಚೂರು ತಗಸಬೇಕೇನು?

ಉತ್ತರ: ತಕ್ಷಣ ಹೊಸ ಚೂರು ಬೇಡ ಸರ್. ಮೊದಲು ಕೇಳಬೇಕಾದ್ದು ಇಬ್ಬರೂ ನೋಡಿದ್ದು ಒಂದೇ ಬ್ಲಾಕೋ ಅಂತ. ಬಹಳ ಸಲ ಅಲ್ಲ; ಒಬ್ಬರು ನೋಡಿದ್ದು ಸೂಜಿಯಲ್ಲಿ ತೆಗೆದದ್ದು, ಇನ್ನೊಬ್ಬರು ನೋಡಿದ್ದು ಪೂರ್ತಿ ಗಂಟು. ಎರಡೂ ಕಡೆಯಿಂದ ಸ್ಲೈಡು, ಬ್ಲಾಕು ಎರಡನ್ನೂ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಕೇಳಿದರೆ ಕೊಡ್ತಾರೆ, ಸಹಿ ಹಾಕಿಸಿಕೊಳ್ತಾರೆ. ಎರಡೂ ರಿಪೋರ್ಟು, ಎಕ್ಸ್‌ರೇ ಅಥವಾ ಸ್ಕ್ಯಾನ್ ಸೇರಿಸಿ ಮೂರನೆಯವರ ಮುಂದೆ ಒಟ್ಟಿಗೆ ಇಡಿ. ಮೊದಲ ರಿಪೋರ್ಟನ್ನು ಅಡಗಿಸಿ ‘ನೋಡೋಣ ಇವರೇನು ಹೇಳ್ತಾರೆ’ ಅಂತ ಪರೀಕ್ಷೆ ಮಾಡಬೇಡಿ, ಅದರಿಂದ ನಷ್ಟ ನಿಮಗೇ. ಬ್ಲಾಕನ್ನು ಬೇಸಗೆಯಲ್ಲಿ ಬಸ್ಸಿನ ಕಿಟಕಿ ಹತ್ತಿರ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ಮತ್ತೆ ಒಂದು ಹಾಳೆಯಲ್ಲಿ, ಕನ್ನಡದಲ್ಲಿಯೇ ಆಗಲಿ, ಗಂಟು ಯಾವ ಹಬ್ಬದ ಹೊತ್ತಿಗೆ ಮೊದಲು ಕಂಡಿತು, ಆಮೇಲೆ ಎಷ್ಟಾಯಿತು, ಏನೇನು ಔಷಧ, ಯಾರು ತಿಕ್ಕಿದರು, ಎಲ್ಲ ಬರೆದು ಡಬ್ಬಿಯ ಜೊತೆ ರಬ್ಬರ್‌ಬ್ಯಾಂಡ್ ಹಾಕಿ ಇಡಿ. ಓದಲಿಕ್ಕೆ ಬಾರದಿದ್ದರೆ ಓದಿಸಿಕೊಳ್ತಾರೆ. ನನಗೆ ಕಳಿಸುವುದಾದರೆ ಕನ್ನಡವೇ ಸಾಕು.